ಯಲಹಂಕದ 1672 ಮಾಸ್ಕಿಟೊ ಕನ್ವರ್ಷನ್ ಯೂನಿಟ್, 1944–45: ಏನು ಕಲಿಸುತ್ತಿದ್ದರು, ಎಲ್ಲಿ ಎಡವಟ್ಟಾಯಿತು

ಹಳೆ_ರನ್‌ವೇ

ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆ, ಅಂದರೆ ಆರ್‌ಎಎಫ್, ಯಲಹಂಕದಲ್ಲಿ ನಡೆಸಿದ 1672 ಮಾಸ್ಕಿಟೊ ಕನ್ವರ್ಷನ್ ಯೂನಿಟ್ ಬಗ್ಗೆ ಗೊತ್ತಿರುವುದನ್ನೆಲ್ಲ ಒಂದು ಕಡೆ ಕೂಡಿಸೋಣ.

ಮೊದಲಿಗೆ ಒಂದು ಸ್ಪಷ್ಟನೆ. ಇದನ್ನು "ಯುದ್ಧಕಾಲದ ಫ್ಲೈಯಿಂಗ್ ಸ್ಕೂಲ್" ಎಂದು ಬರೆಯುವವರಿದ್ದಾರೆ. ಹಾರಾಟದ ಅಕ್ಷರಾಭ್ಯಾಸ ಇಲ್ಲಿ ನಡೆಯುತ್ತಿರಲಿಲ್ಲ. ಅದು ಬೇಗಂಪೇಟೆ, ಜೋಧಪುರಗಳ ಎಲಿಮೆಂಟರಿ ಶಾಲೆಗಳಲ್ಲಿ, ಟೈಗರ್ ಮಾತ್ ಎಂಬ ತರಬೇತಿ ವಿಮಾನದ ಮೇಲೆ. ಮುಂದಿನ ಹಂತ ಅಂಬಾಲದ ಸರ್ವಿಸ್ ಫ್ಲೈಯಿಂಗ್ ಟ್ರೈನಿಂಗ್ ಸ್ಕೂಲ್. ಅದಾದ ಮೇಲೆ ಆಪರೇಷನಲ್ ಟ್ರೈನಿಂಗ್ ಯೂನಿಟ್, ಅಂದರೆ ಓಟಿಯು: ಫೈಟರ್‌ಗೆ 151, ಬಾಂಬರ್‌ಗೆ 152, ಎರಡೂ ವಾಯವ್ಯದಲ್ಲಿ, ರಿಸಾಲ್‌ಪುರ–ಪೇಶಾವರ ಕಡೆ. ಯಲಹಂಕಕ್ಕೆ ಬರುತ್ತಿದ್ದವರು ಇದನ್ನೆಲ್ಲ ದಾಟಿ ಬಂದವರು, ಹಲವರು ಬರ್ಮಾ ಗಡಿಯಲ್ಲಿ ಯುದ್ಧವನ್ನೂ ಕಂಡವರು. ಇಲ್ಲಿ ಅವರಿಗೆ ಸಿಗುತ್ತಿದ್ದುದು ಒಂದು ವಿಮಾನದಿಂದ ಇನ್ನೊಂದಕ್ಕೆ ಬದಲಾಗುವ ತರಬೇತಿ.

ಹಳೆಯ ವಿಮಾನ ವಲ್ಟಿ ವೆಂಜೆನ್ಸ್, ಹೊಸದು ಮರದಲ್ಲಿ ಕಟ್ಟಿದ ಡಿ ಹ್ಯಾವಿಲೆಂಡ್ ಮಾಸ್ಕಿಟೊ. 45, 82, 84, 110, ಈ ನಾಲ್ಕೂ ವೆಂಜೆನ್ಸ್ ಸ್ಕ್ವಾಡ್ರನ್‌ಗಳು ಮಾಸ್ಕಿಟೊಗೆ ಬದಲಾದವು. 45 ಮೊದಲು ಬಂತು, 1944ರ ಫೆಬ್ರವರಿಯಲ್ಲಿ ಯಲಹಂಕಕ್ಕೆ. 82 ಬದಲಾದದ್ದು ಕೋಲಾರದಲ್ಲಿ.

ಬೂಸ್ಟ್_ಗೇಜ್

ಆ ಬದಲಾವಣೆ ಎಷ್ಟು ದೊಡ್ಡದು ಅನ್ನೋದನ್ನು ವಿಮಾನದ ಲೆಕ್ಕದಲ್ಲೇ ಹೇಳ್ತೀನಿ.

ವೆಂಜೆನ್ಸ್‌ಗೆ ಒಂದೇ ಎಂಜಿನ್: ರೈಟ್ ಆರ್-2600, ಸುಮಾರು 1,600 ಅಶ್ವಶಕ್ತಿ, ಗಾಳಿಯಿಂದ ತಣಿಯುವ ರೇಡಿಯಲ್. ನೇರ ಕೆಳಗೆ ಧುಮುಕಿ ಬಾಂಬ್ ಹಾಕೋಕೇ ಮಾಡಿದ ವಿಮಾನ. ಪೈಲಟ್ ಮುಂದೆ, ನ್ಯಾವಿಗೇಟರ್ ಅಥವಾ ಗನ್ನರ್ ಹಿಂದೆ. ಮಾಸ್ಕಿಟೊದ ಫೈಟರ್-ಬಾಂಬರ್ ಮಾದರಿಯಾದ ಎಫ್‌ಬಿ 6ರಲ್ಲಿ ಎರಡು ಮರ್ಲಿನ್ ಎಂಜಿನ್, ಎರಡಕ್ಕೂ ದ್ರವ ತಂಪು. ಇಬ್ಬರೂ ಅಕ್ಕಪಕ್ಕ ಕೂರ್ತಾರೆ, ನ್ಯಾವಿಗೇಟರ್ ಬಲಕ್ಕೆ, ಸ್ವಲ್ಪ ಹಿಂದೆ. ಮೂತಿಯ ಕೆಳಗೆ 20 ಮಿ.ಮೀ. ತೋಪು ನಾಲ್ಕು, ಮೂತಿಯಲ್ಲಿ .303 ಮೆಷಿನ್‌ಗನ್ ನಾಲ್ಕು.

ಒಂಟಿ ಎಂಜಿನ್ ಪೈಲಟ್‌ಗೆ ಎರಡು ಎಂಜಿನ್ ಬಂದರೆ ಧೈರ್ಯ ಹೆಚ್ಚಬೇಕು ಅನ್ಸುತ್ತೆ. ಟೇಕಾಫ್ ಹೊತ್ತಿಗೆ ಮಾತ್ರ ಲೆಕ್ಕ ತಲೆಕೆಳಗು. ಎರಡೂ ಮರ್ಲಿನ್‌ಗಳ ಪ್ರೊಪೆಲ್ಲರ್ ಒಂದೇ ದಿಕ್ಕಿಗೆ ತಿರುಗುತ್ತವೆ, ಹಿಂದಿನಿಂದ ನೋಡಿದರೆ ಗಡಿಯಾರದ ಮುಳ್ಳಿನಂತೆ. ಹಾಗಾಗಿ ಥ್ರಾಟಲ್ ತಳ್ಳಿದ ಕೂಡಲೇ ಮೂತಿ ಎಡಕ್ಕೆ ಎಳೆಯುತ್ತೆ. ಕಲಿಸ್ತಿದ್ದ ಕ್ರಮ ಇದು:

ಲೈನಿಗೆ ಬಂದ ಮೇಲೆ ನಾಲ್ಕಾರು ಗಜ ನೇರ ಮುಂದೆ ಉರುಳಿಸಿ ಬಾಲದ ಚಕ್ರ ನೇರವಾಯಿತೇ ನೋಡಬೇಕು. ಮೂತಿ ಏರಿಸಿ ಇಳಿಸುವ ಎಲಿವೇಟರ್‌ನ ಟ್ರಿಮ್ (ಮೊದಲೇ ಮಾಡಿಡುವ ಹೊಂದಿಕೆ) ಕೊಂಚ ಮೂತಿ ಕೆಳಗೆ, ಎಡಬಲ ತಿರುಗಿಸುವ ರಡ್ಡರ್‌ನ ಟ್ರಿಮ್ ಕೊಂಚ ಬಲಕ್ಕೆ. ರೇಡಿಯೇಟರ್ ಶಟರ್ ತೆರೆದಿರಬೇಕು, ಪ್ರೊಪೆಲ್ಲರ್ ಲಿವರ್ ಪೂರ್ತಿ ಮುಂದೆ, ಎಂಜಿನ್ ನಿಮಿಷಕ್ಕೆ 3,000 ಸುತ್ತಿಗೆ. ಆಮೇಲೆ ಎಡ ಥ್ರಾಟಲ್ ಒಂದು ಬೆರಳಷ್ಟು ಮುಂದಿಟ್ಟುಕೊಂಡು ಎರಡನ್ನೂ ನಿಧಾನ ತಳ್ಳಬೇಕು. ರಡ್ಡರ್‌ಗೆ ಗಾಳಿ ಸಿಗೋವರೆಗೆ ದಿಕ್ಕು ಕಾಯೋದು ಈ ಥ್ರಾಟಲ್ ವ್ಯತ್ಯಾಸವೇ. ಅವಸರದಲ್ಲಿ ಎರಡನ್ನೂ ಒಟ್ಟಿಗೆ ದಬ್ಬಿದವನು ಎಡಗಡೆ ಹುಲ್ಲಿಗೆ ಹೋಗ್ತಾನೆ.

ಚಕ್ರ ನೆಲ ಬಿಡೋದು ಗಂಟೆಗೆ 125 ಮೈಲಿ ಆಸುಪಾಸು. ಒಂದು ಎಂಜಿನ್ ಹೋದರೂ ರಡ್ಡರ್‌ನಿಂದ ನೇರ ಹಿಡಿಯಬಹುದಾದ ವೇಗ 170ರ ಹತ್ತಿರ. ಬೂಸ್ಟ್ (ಸೂಪರ್‌ಚಾರ್ಜರ್ ಎಂಜಿನ್ನಿಗೆ ಗಾಳಿ ತುಂಬುವ ಒತ್ತಡ) ಜಾಸ್ತಿ ಇದ್ದರೆ ಅದಕ್ಕೂ ಮೇಲೆ. ಈ ಎರಡು ಅಂಕಿಗಳ ನಡುವಿನ ಕೆಲವು ಸೆಕೆಂಡುಗಳೇ ಅಪಾಯದ ಕಾಲ. ಆಗ ಎಂಜಿನ್ ಕೈಕೊಟ್ಟರೆ, ಅದರಲ್ಲೂ ಎಡದ್ದು ಕೈಕೊಟ್ಟರೆ, ಉಳಿದ ಎಂಜಿನ್ ಶಕ್ತಿ ಇಳಿಸಿ ನೇರ ಮುಂದೆ ನೆಲಕ್ಕೆ ಕೂರಿಸೋದೇ ಸರಿ. ತಿರುಗಿ ರನ್‌ವೇಗೆ ಬರೋಕೆ ಹೊರಟರೆ ವಿಮಾನ ಮಗುಚುತ್ತೆ.

ಧಾರವಾಡದ_ಪ್ರೊಪೆಲ್ಲರ್

ಅಲ್ರೀ, ಬೆಂಗಳೂರು ಸಮುದ್ರ ಮಟ್ಟದಿಂದ ಮೂರು ಸಾವಿರ ಅಡಿ ಮ್ಯಾಲ ಅದ. ಇದಕ್ಕ ಆ ಲೆಕ್ಕ ಬ್ಯಾರೆ ಆಗಂಗಿಲ್ಲೇನ್ರಿ?

ಬೂಸ್ಟ್_ಗೇಜ್

ಆಗುತ್ತೆ. ಯಲಹಂಕ ಸುಮಾರು 3,000 ಅಡಿ. ಅಷ್ಟೆತ್ತರದಲ್ಲಿ ಶಿಷ್ಟ ತಾಪಮಾನ 9 ಡಿಗ್ರಿ. ಏಪ್ರಿಲ್ ಬೆಳಗ್ಗೆ 30 ಡಿಗ್ರಿ ಇತ್ತು ಅಂದ್ಕೊಳ್ಳಿ: 21 ಡಿಗ್ರಿ ಹೆಚ್ಚು, ಡಿಗ್ರಿಗೆ 120 ಅಡಿ ಲೆಕ್ಕದಲ್ಲಿ 2,500 ಅಡಿ ಕೂಡಿಸಿ. ರೆಕ್ಕೆಯ ಪಾಲಿಗೆ ಅದು 5,500 ಅಡಿ ಎತ್ತರದ ಗಾಳಿ. ಮೀಟರ್ ತೋರಿಸೋ 125 ಮೈಲಿ ನೆಲದ ಮೇಲೆ 135ರ ಮೇಲಿರುತ್ತೆ. ವೇಗ ಶೇ. 8–9 ಏರಿದರೆ ಬ್ರೇಕು, ಟೈರು ತಡೀಬೇಕಾದ ಶಕ್ತಿ ಶೇ. 18ರಷ್ಟು ಏರುತ್ತೆ. ಸೂಪರ್‌ಚಾರ್ಜರ್ ಇರೋದರಿಂದ ಎಂಜಿನ್ನಿಗೆ ಅಷ್ಟು ಹೊಡೆತವಿಲ್ಲ. ಹೊಡೆತ ಬೀಳೋದು ರನ್‌ವೇ ಉದ್ದಕ್ಕೆ ಮತ್ತು ಇಳಿಯುವಾಗಿನ ಬ್ರೇಕಿಗೆ.

ಬ್ರೇಕ್ ಗಾಳಿ ಒತ್ತಡದ್ದು. ಟ್ಯಾಕ್ಸಿ ಮಾಡುವಾಗ ಪದೇ ಪದೇ ಹಿಡಿದರೆ ಗಾಳಿ ಖರ್ಚಾಗುತ್ತೆ, ಎಂಜಿನ್ ಸಣ್ಣಗೆ ತಿರುಗುವಾಗ ಕಂಪ್ರೆಸರ್ ಅದನ್ನು ತುಂಬಿಕೊಡಲ್ಲ. ಟೇಕಾಫ್‌ಗೂ ಮೊದಲು ಒಮ್ಮೆ, ಇಳಿಯೋ ಮೊದಲು ಇನ್ನೊಮ್ಮೆ ಗಾಳಿ ಗೇಜ್ ನೋಡೋದು ಅದಕ್ಕೇ.

ಲಾಗ್‌ಬುಕ್

ಪಾಠದ ಅನುಕ್ರಮ ಸೇರಿಸುತ್ತೇನೆ. ಮೊದಲು ಪೈಲಟ್ಸ್ ನೋಟ್ಸ್ ಓದು, ಇಂಧನ ಮತ್ತು ಹೈಡ್ರಾಲಿಕ್ ವ್ಯವಸ್ಥೆಯ ಪಾಠ. ನಂತರ ನಿಂತ ವಿಮಾನದಲ್ಲಿ ಕಣ್ಣು ಕಟ್ಟಿಕೊಂಡು ಪ್ರತಿ ಸ್ವಿಚ್ಚು, ಲಿವರ್ ಮುಟ್ಟಿ ತೋರಿಸುವುದು. ಆಮೇಲೆ ಮಾಸ್ಕಿಟೊದ ಜೋಡಿ ನಿಯಂತ್ರಣದ ತರಬೇತಿ ಮಾದರಿ, ಟಿ 3. ಇದರಲ್ಲಿ ತೋಪು, ಬಂದೂಕು ಇರುವುದಿಲ್ಲ, ಶಿಕ್ಷಕ ಪಕ್ಕದಲ್ಲೇ ಕೂರುತ್ತಾನೆ. ಸೋಲೊ ಆದಮೇಲೆ ಒಂದೇ ಎಂಜಿನ್ ಹಾರಾಟ, ರಚನೆಯಲ್ಲಿ ಹಾರಾಟ, ತಗ್ಗಿನ ನ್ಯಾವಿಗೇಷನ್, ತೋಪಿನ ಗುರಿ, ಇಳಿಜಾರು ಬಾಂಬಿಂಗ್, ಕೊನೆಗೆ ರಾತ್ರಿ.

ಎಂಜಿನ್ ನಿಲ್ಲಿಸುವ ಕ್ರಮ: ರಡ್ಡರ್‌ನಿಂದ ಮೂತಿ ನೇರ ಮಾಡು, ಹೋದ ಎಂಜಿನ್‌ನ ಥ್ರಾಟಲ್ ಮುಚ್ಚು, ಫೆದರಿಂಗ್ ಗುಂಡಿ (ಪ್ರೊಪೆಲ್ಲರ್ ಅಲಗನ್ನು ಗಾಳಿಗೆ ಅಂಚಾಗಿ ತಿರುಗಿಸಿ ನಿಲ್ಲಿಸುವುದು) ಒತ್ತು, ಪ್ರೊಪೆಲ್ಲರ್ ನಿಂತ ಮೇಲೆ ಇಂಧನ ಮುಚ್ಚು, ಆ ಬದಿಯ ರೇಡಿಯೇಟರ್ ಶಟರ್ ಮುಚ್ಚು, ಟ್ರಿಮ್ ಮಾಡು. ಗಾಬರಿಯಲ್ಲಿ ಆಗುವ ತಪ್ಪು ಒಂದೇ, ಚೆನ್ನಾಗಿರುವ ಎಂಜಿನ್ನಿನ ಗುಂಡಿ ಒತ್ತುವುದು. ಹಾಗಾಗಿ ಯಾವ ಕಾಲು ಸಡಿಲವಾಗಿದೆಯೋ ಆ ಬದಿಯ ಎಂಜಿನ್ ಸತ್ತಿದೆ ಎಂದು ಕಾಲಿನಿಂದ ಖಚಿತ ಮಾಡಿಕೊಂಡೇ ಕೈ ಹಾಕಬೇಕು.

ಒಂದು ಎಂಜಿನ್‌ನಲ್ಲಿ ಇಳಿಯುವಾಗ ಹೈಡ್ರಾಲಿಕ್ ಪಂಪ್ ಒಂದೇ ದುಡಿಯುತ್ತದೆ, ಚಕ್ರ ಇಳಿಯಲು ಹೆಚ್ಚು ಹೊತ್ತು ಬೇಕು. ಅದಕ್ಕೆ ಬೇಗ ಇಳಿಸಬೇಕು. ಇಳಿಸಿದರೆ ವಿಮಾನಕ್ಕೆ ಎಳೆತ ಹೆಚ್ಚಿ ಎತ್ತರ ಕರಗುತ್ತದೆ. ಫ್ಲಾಪ್ ಪೂರ್ತಿ ಬಿಟ್ಟ ಮೇಲೆ ಮತ್ತೆ ಮೇಲೇಳುವ ಮಾತೇ ಇಲ್ಲ.

ಕೋಲಾರ_ನಕ್ಷೆ

ಯಲಹಂಕ ಒಂದನ್ನೇ ಹಿಡಿದರೆ ಅರ್ಧ ಚಿತ್ರ. ಆಗ ಬೆಂಗಳೂರು ಸುತ್ತ ಇಂಥ ಘಟಕಗಳು ಮೂರು. 1670 ಅಮೆರಿಕನ್ ಥಂಡರ್‌ಬೋಲ್ಟ್ ಫೈಟರ್‌ಗೆ, ಯಲಹಂಕದಲ್ಲೇ. ಹರಿಕೇನ್ ಬಿಟ್ಟು ಬಂದವರು ಅದರ ಎರಡರಷ್ಟು ತೂಕದ ವಿಮಾನ ಕಲಿತು ಹೋದರು. 1944ರ ಸೆಪ್ಟೆಂಬರ್‌ಗೆ ಬರ್ಮಾದ ಪಶ್ಚಿಮ ಕರಾವಳಿಯ ಅರಕಾನ್‌ನಲ್ಲಿ ಆರ್‌ಎಎಫ್ ಥಂಡರ್‌ಬೋಲ್ಟ್ ಕಾಣಿಸಿಕೊಂಡದ್ದು ಇದರ ಫಲ. 1673 ಹೆವಿ ಕನ್ವರ್ಷನ್ ಯೂನಿಟ್ ಕೋಲಾರದಲ್ಲಿ, ನಾಲ್ಕು ಎಂಜಿನ್‌ನ ಲಿಬರೇಟರ್‌ಗೆ. 1944ರ ನವೆಂಬರ್‌ನಲ್ಲಿ ಆ ಘಟಕವನ್ನೇ ಎತ್ತಿ 358 ಸ್ಕ್ವಾಡ್ರನ್ ಮಾಡಿದರು. ಅದು ಬಾಂಬರ್ ಕೆಲಸಕ್ಕಿಂತ ಹೆಚ್ಚಾಗಿ ಶತ್ರು ಪ್ರದೇಶದಲ್ಲಿ ಜನ, ಸಾಮಾನು ಇಳಿಸುವ ಗುಪ್ತ ಕೆಲಸಕ್ಕೆ ಹೋಯಿತು.

ಬೆಂಗಳೂರೇ ಯಾಕೆ ಅಂದರೆ: ಜಪಾನಿ ವಿಮಾನಗಳಿಗೆ ದೂರ, ವರ್ಷದ ಬಹುಪಾಲು ಹಾರಬಹುದಾದ ಹವೆ, ಬಂಗಾಳದಂತೆ ಮಳೆಗಾಲ ಪೂರ್ತಿ ರನ್‌ವೇ ಕೆಸರಾಗುವ ತೊಂದರೆ ಇಲ್ಲ. "ಎಚ್‌ಎಎಲ್ ಹತ್ತಿರ ಇತ್ತು, ಮಾಸ್ಕಿಟೊ ರಿಪೇರಿ ಅಲ್ಲೇ" ಎಂದು ಹಲವರು ಬರೆಯುತ್ತಾರೆ. ಅದನ್ನು ಅಷ್ಟು ಸಲೀಸಾಗಿ ಹೇಳಬೇಡಿ. 1943ರಿಂದ ಎಚ್‌ಎಎಲ್ ಅಮೆರಿಕನ್ ಸೇನೆಯ ವಾಯುದಳದ ಕೈಯಲ್ಲಿತ್ತು. ಅಲ್ಲಿನ ಮುಖ್ಯ ಕೆಲಸ ಕ್ಯಾಟಲೀನಾ, ಡಕೋಟಾ, ಮಿಚೆಲ್ ಓವರ್‌ಹಾಲ್. ಎಲ್ಲ ಲೋಹದ ವಿಮಾನಗಳು. ಮರದ ವಿಮಾನಕ್ಕೆ ಬೇಕಾದ್ದು ಬಡಗಿ ಮತ್ತು ಅಂಟು ಬಲ್ಲವನು.

ಧಾರವಾಡದ_ಪ್ರೊಪೆಲ್ಲರ್

ನಮ್ಮ ಭಾರತೀಯ ವಾಯುಪಡೆ ಹುಡುಗರು ಮಾಸ್ಕಿಟೊ ಕಲ್ತಿದ್ರೇನ್ರಿ ಅಲ್ಲಿ?

ಹಳೆ_ರನ್‌ವೇ

ಯುದ್ಧಕಾಲದಲ್ಲಿ ಐಎಎಫ್‌ಗೆ ಮಾಸ್ಕಿಟೊ ಸ್ಕ್ವಾಡ್ರನ್ ಇರಲಿಲ್ಲ. ವೆಂಜೆನ್ಸ್ ಹಾರಿಸಿದ ನಮ್ಮ ಎರಡು ಸ್ಕ್ವಾಡ್ರನ್, 7 ಮತ್ತು 8. ವೆಂಜೆನ್ಸ್ ಹೋದ ಮೇಲೆ 7ಕ್ಕೆ ಹರಿಕೇನ್, 8ಕ್ಕೆ ಸ್ಪಿಟ್‌ಫೈರ್ ಸಿಕ್ಕಿತು. ಅದೇ ಹೊತ್ತಿಗೆ ಆರ್‌ಎಎಫ್‌ನ ನಾಲ್ಕು ವೆಂಜೆನ್ಸ್ ಸ್ಕ್ವಾಡ್ರನ್‌ಗಳಿಗೆ ಎರಡು ಎಂಜಿನ್. ಅದಕ್ಕೇ ಯಲಹಂಕದ ಕಾಗದಗಳಲ್ಲಿ ಭಾರತೀಯ ಪೈಲಟ್‌ಗಳ ಹೆಸರು ಹುಡುಕುವವರು ಪೇಶಾವರದ ಕಡೆ ಹುಡುಕುವುದು ಒಳ್ಳೆಯದು.

ಮರ_ಮೊಳೆ

ಈಗ ಅಸಲು ವಿಷಯಕ್ಕೆ ಬರೋಣ. 1944ರ ನವೆಂಬರ್‌ನಲ್ಲಿ ಭಾರತದಲ್ಲಿದ್ದ ಮಾಸ್ಕಿಟೊಗಳನ್ನು ನೆಲಕ್ಕಿಳಿಸಿ ನಿಲ್ಲಿಸಿದರು. ಅದಕ್ಕೂ ಮೊದಲು ಕೆಲವೇ ವಾರಗಳಲ್ಲಿ ಹಲವು ವಿಮಾನಗಳ ರೆಕ್ಕೆ ಆಕಾಶದಲ್ಲೇ ಕಳಚಿತ್ತು, ಹೆಚ್ಚಾಗಿ ಬಾಂಬಿಂಗ್ ಅಭ್ಯಾಸದ ಇಳಿತದಿಂದ ಮೇಲೆಳೆಯುವಾಗ. ತನಿಖೆಗೆ ಡಿ ಹ್ಯಾವಿಲೆಂಡ್ ಕಂಪನಿಯಿಂದ ಮೇಜರ್ ಹೆರೆವರ್ಡ್ ಡಿ ಹ್ಯಾವಿಲೆಂಡ್ ಬಂದರು.

ರೆಕ್ಕೆ ಹೇಗೆ ಕಟ್ಟಿದೆ ಅಂತ ಮೊದಲು ನೋಡಿ. ತುದಿಯಿಂದ ತುದಿಗೆ 54 ಅಡಿ, ಒಂದೇ ತುಂಡು. ಒಳಗೆ ಸ್ಪ್ರೂಸ್ ಮರದ ಎರಡು ಸ್ಪಾರ್, ಅಂದರೆ ರೆಕ್ಕೆಯ ಉದ್ದಕ್ಕೂ ಹೋಗುವ ತೊಲೆಗಳು. ಮೇಲ್ಹೊದಿಕೆ ಎರಡು ಪದರ ಬರ್ಚ್ ಪ್ಲೈವುಡ್, ನಡುವೆ ಉದ್ದುದ್ದ ಮರದ ಪಟ್ಟಿ. ಎಲ್ಲ ಅಂಟಿಸಿ ಸಾವಿರಾರು ಹಿತ್ತಾಳೆ ಸ್ಕ್ರೂ ಹಾಕಿ ಬಿಗಿದದ್ದು. ಮೇಲೆ ಮದಪೋಲಂ ಹತ್ತಿ ಬಟ್ಟೆ, ಅದರ ಮೇಲೆ ಡೋಪ್ ಎಂಬ ವಾರ್ನಿಷ್‌ನಂಥ ಲೇಪ.

ಇಳಿತದಿಂದ ಮೇಲೆಳೆದಾಗ ರೆಕ್ಕೆ ಮೇಲಕ್ಕೆ ಬಾಗುತ್ತೆ. ಮೇಲ್ಹೊದಿಕೆಗೆ ಬೀಳೋದು ಒತ್ತಡ. ಸ್ಪಾರ್‌ಗೆ ಭದ್ರವಾಗಿ ಅಂಟಿರೋವರೆಗೆ ಪ್ಲೈವುಡ್ ಅದನ್ನು ತಡೆಯುತ್ತೆ. ಒಂದಡಿ ಉದ್ದ ಅಂಟು ಬಿಟ್ಟಿದ್ದರೂ ಆ ಜಾಗದಲ್ಲಿ ಹೊದಿಕೆ ಉಬ್ಬಿ ಮಡಿಚುತ್ತೆ. ಮೇಲಿನ ಗಾಳಿಯ ಸೆಳೆತ ಬೇರೆ ಅದನ್ನು ಎತ್ತುತ್ತೆ. ಆಮೇಲೆ ಭಾರವೆಲ್ಲ ಸ್ಪಾರ್ ಒಂದರ ಮೇಲೆ.

ಅಂಟು ಎರಡು ಬಗೆ. ಮೊದಮೊದಲ ವಿಮಾನಗಳಲ್ಲಿ ಕೇಸೀನ್, ಹಾಲಿನ ಪ್ರೋಟೀನ್‌ನಿಂದ ಮಾಡಿದ್ದು. ತೇವ ಸಿಕ್ಕಿದರೆ ಬೂಷ್ಟು ಹಿಡಿದು ಮೆತ್ತಗಾಗುತ್ತೆ. ಆಮೇಲೆ ಬಂದದ್ದು ಯೂರಿಯಾ-ಫಾರ್ಮಾಲ್ಡಿಹೈಡ್ ಅಂಟು. ಬೀಟಲ್, ಏರೊಲೈಟ್ ಎಂಬ ಹೆಸರಿನವು. ಏರೊಲೈಟ್ ಬಳಸುವ ಕ್ರಮ: ಒಂದು ಮುಖಕ್ಕೆ ಅಂಟು, ಎದುರು ಮುಖಕ್ಕೆ ಫಾರ್ಮಿಕ್ ಆಮ್ಲದ ಗಟ್ಟಿಕಾರಕ, ಎರಡನ್ನೂ ಜೋಡಿಸಿ ಬಿಗಿದರೆ ಮಾತ್ರ ಹಿಡಿಯುತ್ತೆ. ಇದಕ್ಕೆ ಬೂಷ್ಟು ಬರಲ್ಲ. ಆದರೆ ಎರಡು ಮುಖ ಮುಟ್ಟದೆ ಸಂದು ಉಳಿದಿದ್ದರೆ ಯಾವ ಅಂಟೂ ಪ್ರಯೋಜನವಿಲ್ಲ.

ಹಾಗಾಗಿ "ಭಾರತದ ಸೆಕೆಗೆ ಅಂಟು ಕರಗಿತು" ಅನ್ನೋ ಕಥೆ ನನಗೆ ಒಪ್ಪಿಗೆಯಿಲ್ಲ. ಎಫ್‌ಬಿ 6 ಬರುವ ಹೊತ್ತಿಗೆ ಕೇಸೀನ್ ಹಿಂದೆ ಸರಿದಿತ್ತು.

ಬೂಸ್ಟ್_ಗೇಜ್

ಹವೆಯನ್ನು ಪೂರ್ತಿ ಬಿಟ್ಟುಕೊಡೋಕೆ ನಾನು ತಯಾರಿಲ್ಲ. ಮಳೆಗಾಲದಲ್ಲಿ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳೋದು ಅಂಟಿನ ತಪ್ಪಲ್ಲ ತಾನೆ? ಈ ವಿಮಾನಗಳು ಇಂಗ್ಲೆಂಡಿನಿಂದ ಮಧ್ಯಪ್ರಾಚ್ಯದ ಮರಳುಗಾಡು ದಾಟಿ ಬಂದು, ಬಂಗಾಳ–ಅಸ್ಸಾಂ ಮಳೆಯಲ್ಲಿ ಬಯಲಲ್ಲೇ ನಿಂತವು.

ಮರ_ಮೊಳೆ

ಒಪ್ಪಿದೆ, ಅಂಕಿಯಲ್ಲೇ ನೋಡೋಣ. ಗಾಳಿಯ ಆರ್ದ್ರತೆ ಶೇ. 30 ಇದ್ದರೆ ಮರದೊಳಗಿನ ತೇವ ಶೇ. 6ರ ಹತ್ತಿರ ನಿಲ್ಲುತ್ತೆ. ಶೇ. 65ಕ್ಕೆ ಸುಮಾರು 12. ಶೇ. 90ಕ್ಕೆ 20ರ ಹತ್ತಿರ. ಸ್ಪ್ರೂಸ್ ಎಳೆಯ ಉದ್ದಕ್ಕೆ ಹೆಚ್ಚುಕಡಿಮೆ ಬದಲಾಗಲ್ಲ, ಎಳೆಗೆ ಅಡ್ಡ ಬದಲಾಗುತ್ತೆ. ತೇವ ಶೇ. 8ರಿಂದ 18ಕ್ಕೆ ಹೋದರೆ 100 ಮಿ.ಮೀ. ಅಗಲದ ತುಂಡು ಎರಡೂವರೆ ಮಿ.ಮೀ.ನಷ್ಟು ಹಿಗ್ಗುತ್ತೆ. ಪ್ಲೈವುಡ್ ಪದರ ಅಡ್ಡಾದಿಡ್ಡಿ ಇರೋದರಿಂದ ಅದು ಅಷ್ಟು ಹಿಗ್ಗಲ್ಲ. ಹಿಗ್ಗುವ ಸ್ಪಾರ್, ಹಿಗ್ಗದ ಹೊದಿಕೆ. ಜಗಳ ನಡೆಯೋದು ನಡುವಿನ ಅಂಟಿನ ಗೆರೆಯಲ್ಲಿ.

ಪೂರ್ತಿ ಹಿಡಿದ ಅಂಟು ಈ ಜಗಳ ತಡೆಯುತ್ತೆ. ಅರ್ಧಂಬರ್ಧ ಹಿಡಿದದ್ದು ಒಂದು ಬೇಸಿಗೆ, ಒಂದು ಮಳೆಗಾಲ ಕಳೆಯೋ ಹೊತ್ತಿಗೆ ಬಿಡುತ್ತೆ. ಹವೆ ಇಲ್ಲಿ ಪರೀಕ್ಷಕ, ಅಪರಾಧಿ ಕಾರ್ಖಾನೆಯ ಸಂದು. ಬ್ರಿಟನ್ನಿನಲ್ಲೇ ಇದ್ದ ವಿಮಾನಗಳನ್ನು ಬಿಚ್ಚಿ ನೋಡಿದಾಗಲೂ ಸ್ಪಾರ್‌ಗೂ ಹೊದಿಕೆಗೂ ನಡುವೆ ಸಂದುಗಳು ಸಿಕ್ಕವು ಅನ್ನೋದು ನನ್ನ ವಾದಕ್ಕೆ ದೊಡ್ಡ ಆಧಾರ. ಅಲ್ಲೇನು ಬಂಗಾಳದ ಸೆಕೆ ಇತ್ತೆ? ಆದರೂ ವಾಯು ಸಚಿವಾಲಯ ಹೊರಗೆ "ಬಹುತೇಕ ಹವೆಯಿಂದ" ಎಂಬ ಮಾತಿಗೇ ಅಂಟಿಕೊಂಡಿತು. ವಿಮಾನದ ಮೇಲೆ ಸಿಬ್ಬಂದಿಗೆ ನಂಬಿಕೆ ಹೋಗಬಾರದಲ್ಲ.

ಪರಿಹಾರ ಸರಳ: ಮೇಲ್ಹೊದಿಕೆ ಸ್ಪಾರ್‌ಗೆ ಸೇರುವ ಗೆರೆಯುದ್ದಕ್ಕೂ ಪ್ಲೈವುಡ್ ಪಟ್ಟಿ ಅಂಟಿಸಿ ನೀರು ಇಳಿಯದಂತೆ ಮುಚ್ಚುವುದು. ಅಂಟು ಬಿಟ್ಟುಹೋದ ರೆಕ್ಕೆಗೆ ಅದು ಸಾಲದು, ಅಂಥವನ್ನು ಸೇವೆಯಿಂದ ತೆಗೆದರು.

ಲಾಗ್‌ಬುಕ್

ಘಟಕದ ಮೇಲೆ ಇದರ ಪರಿಣಾಮ ಕಾಣಲು 47 ಸ್ಕ್ವಾಡ್ರನ್ ನೋಡಿ. ಬ್ಯೂಫೈಟರ್ ಎಂಬ ಎರಡು ಎಂಜಿನ್ ಫೈಟರ್‌ನಿಂದ ಮಾಸ್ಕಿಟೊಗೆ ಬದಲಾಗಲು 1944ರ ಅಕ್ಟೋಬರ್‌ನಲ್ಲಿ ಯಲಹಂಕಕ್ಕೆ ಬಂತು. ನವೆಂಬರ್‌ನಲ್ಲಿ ಮಾಸ್ಕಿಟೊ ನಿಂತಿತು, ಮತ್ತೆ ಬ್ಯೂಫೈಟರ್ ಕೊಟ್ಟರು. 1945ರ ಫೆಬ್ರವರಿ ಹೊತ್ತಿಗೆ ಮರಳಿ ಮಾಸ್ಕಿಟೊ. 84ಕ್ಕಂತೂ ವಿಮಾನ ಕೈಗೆ ಸಿಕ್ಕಿದ್ದೇ 1945ರಲ್ಲಿ. ಒಂದೇ ಸ್ಕ್ವಾಡ್ರನ್ ಎರಡು ಸಲ ತರಬೇತಿಗೆ ನಿಲ್ಲುವುದೆಂದರೆ ಶಿಕ್ಷಕರು, ಟಿ 3 ವಿಮಾನಗಳು, ಬಿಡಿಭಾಗ ಎಲ್ಲದರ ವೇಳಾಪಟ್ಟಿ ಕಲಸುಮೇಲೋಗರ.

ಧಾರವಾಡದ_ಪ್ರೊಪೆಲ್ಲರ್

ನೆಲದ ಮ್ಯಾಲಿನ ಮೆಕ್ಯಾನಿಕ್‌ಗಳ ಕೆಲಸ ಏನಿತ್ತು ಹಂಗಾರ? ಬಯಲಾಗ ನಿಂತ ಕಟ್ಟಿಗಿ ವಿಮಾನ ಹೆಂಗ ಕಾಯ್ತಿದ್ರು?

ಮರ_ಮೊಳೆ

ನೀರು ಒಳಗೆ ಬರದಂತೆ, ಬಂದದ್ದು ನಿಲ್ಲದಂತೆ. ಇಷ್ಟೇ ತತ್ವ, ಕೆಲಸ ಮಾತ್ರ ದಿನಾ.

ರೆಕ್ಕೆ, ಒಡಲಿನ ಕೆಳಭಾಗದ ನೀರಿಳಿ ತೂತುಗಳನ್ನು ತಂತಿ ಹಾಕಿ ಬಿಡಿಸಬೇಕು. ಕೆಂಪು ಧೂಳು, ಹುಳದ ಗೂಡು ಎರಡೂ ಮುಚ್ಚುತ್ತವೆ. ಡೋಪ್ ಬಿರುಕು ಬಿಟ್ಟ ಜಾಗ ಕಂಡ ದಿನವೇ ಬಟ್ಟೆ ತೇಪೆ ಹಾಕಬೇಕು; ಬಿರುಕಿನಿಂದ ಬಟ್ಟೆ ನೀರು ಕುಡಿದು ಪ್ಲೈವುಡ್‌ಗೆ ದಾಟಿಸುತ್ತೆ. ಕ್ಯಾನ್ವಾಸ್ ಹೊದಿಕೆ ಮಳೆಗೆ ಒಳ್ಳೆಯದು, ಮಳೆ ನಿಂತ ಮೇಲೆ ಹಾಗೇ ಬಿಟ್ಟರೆ ಒಳಗೆ ಆವಿಗೂಡು. ಅಂಟು ಬಿಟ್ಟಿದೆಯೇ ನೋಡೋಕೆ ಬೆರಳ ಗಣ್ಣಿನಿಂದ ಸ್ಪಾರ್ ಗೆರೆಯುದ್ದಕ್ಕೂ ತಟ್ಟಬಹುದು: ಹಿಡಿದ ಕಡೆ ಗಟ್ಟಿ ಸದ್ದು, ಬಿಟ್ಟ ಕಡೆ ಟೊಳ್ಳು. ಆದರೆ ಮುಟ್ಟಿಯೂ ಅಂಟದ ಕೀಲು ಗಟ್ಟಿಯಾಗೇ ಕೇಳಿಸುತ್ತೆ. ಇದನ್ನು ಮಾತ್ರ ನಂಬಿದರೆ ಕೆಟ್ಟಂತೆ. ರೆಕ್ಕೆ ಬಿಚ್ಚಿ ನೋಡಬೇಕಾದದ್ದು ಅದಕ್ಕೇ.

1945ರಲ್ಲಿ ಇಲ್ಲಿನ ಮಾಸ್ಕಿಟೊಗಳಿಗೆ ಹಸಿರು-ಬೂದು ಮರೆಬಣ್ಣದ ಬದಲು ಬೆಳ್ಳಿ ಡೋಪ್ ಬಂತು. ಚಂದಕ್ಕಲ್ಲ. ಕಡು ಬಣ್ಣ ಬಿಸಿಲು ಹೀರಿ ಹೊದಿಕೆಯನ್ನು ಕಾಯಿಸುತ್ತೆ, ಬೆಳ್ಳಿ ತಿರುಗಿಸಿ ಎಸೆಯುತ್ತೆ.

ಇನ್ನೊಂದು, ಲೋಹದ ವಿಮಾನಗಳ ಅಭ್ಯಾಸದವರಿಗೆ ವಿಚಿತ್ರ ಅನ್ನಿಸೋದು: ಚಕ್ರದ ಕಾಲಲ್ಲಿ ಎಣ್ಣೆ-ಗಾಳಿಯ ಅಬ್ಸಾರ್ಬರ್ ಇಲ್ಲ, ಒಂದರ ಮೇಲೊಂದು ಪೇರಿಸಿದ ರಬ್ಬರ್ ಬಿಲ್ಲೆಗಳು. ಸೋರೋದೇನೂ ಇಲ್ಲ, ಕಾಡಿನ ಏರ್‌ಫೀಲ್ಡಿಗೆ ಹೇಳಿ ಮಾಡಿಸಿದ ಹಾಗೆ.

ಬೂಸ್ಟ್_ಗೇಜ್

ಎಂಜಿನ್ ಕಡೆ ಒಂದು ಮಾತು. ಮಾಸ್ಕಿಟೊ ರೇಡಿಯೇಟರ್ ರೆಕ್ಕೆಯ ಮುಂಬದಿಯೊಳಗೆ, ಎಂಜಿನ್ನಿಗೂ ಒಡಲಿಗೂ ನಡುವೆ. ಹಾರುವಾಗ ಅದ್ಭುತ, ನೆಲದ ಮೇಲೆ ಗಾಳಿ ಸಾಲಲ್ಲ. ಮರ್ಲಿನ್‌ಗೆ ನೀರು ಶೇ. 70, ಗ್ಲೈಕಾಲ್ ಶೇ. 30. ಬಿಸಿಲಲ್ಲಿ ಉದ್ದ ಟ್ಯಾಕ್ಸಿ ಮಾಡಿ ಸರದಿಗೆ ಕಾಯುತ್ತಾ ನಿಂತರೆ ಉಷ್ಣತೆ ಏರುತ್ತಲೇ ಹೋಗುತ್ತೆ. ಹಾಗಂತ ತೀರಾ ಸಣ್ಣಗೆ ಓಡಿಸಿದರೆ ಪ್ಲಗ್‌ಗೆ ಮಸಿ ಕಟ್ಟಿ ಟೇಕಾಫ್‌ನಲ್ಲಿ ತೊದಲುತ್ತೆ. ಮೂತಿ ಗಾಳಿಗೆ ಎದುರು ಮಾಡಿ, ಪರೀಕ್ಷೆ ಬೇಗ ಮುಗಿಸಿ, ಬಿಟ್ಟುಬಿಡಬೇಕು. ರೇಡಿಯಲ್ ಎಂಜಿನ್ ಅಭ್ಯಾಸದ ವೆಂಜೆನ್ಸ್ ಸಿಬ್ಬಂದಿಗೆ ಇದು ಹೊಸ ಶಿಸ್ತು. ಗೇಜ್ ಕಡೆ ನೋಡದೇ ಮಾತಾಡುತ್ತಾ ನಿಲ್ಲೋ ಹಾಗಿಲ್ಲ.

ಲಾಗ್‌ಬುಕ್

ದಾಖಲೆ ಹುಡುಕುವವರಿಗೆ: ಕನ್ವರ್ಷನ್ ಯೂನಿಟ್‌ನ ದಿನಚರಿ ಸ್ಕ್ವಾಡ್ರನ್ ಕಡತಗಳ ಜತೆ ಇರುವುದಿಲ್ಲ. ಲಂಡನ್ ಪಕ್ಕದ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಸ್ಕ್ವಾಡ್ರನ್‌ಗಳದು ಏರ್ 27 ಸರಣಿ, ಇಂಥ ಇತರ ಘಟಕಗಳದು ಏರ್ 29. ದಿನದ ಸಾರಾಂಶ ಫಾರ್ಮ್ 540ರಲ್ಲಿ, ಪ್ರತಿ ಹಾರಾಟದ ವಿವರ ಫಾರ್ಮ್ 541ರಲ್ಲಿ. ತರಬೇತಿ ಘಟಕಗಳಲ್ಲಿ ಹೆಚ್ಚಾಗಿ 540 ಮಾತ್ರ ಸಿಗುತ್ತದೆ. ಅಪಘಾತಕ್ಕೆ ಫಾರ್ಮ್ 1180, ವಿಮಾನದ ಕ್ರಮಸಂಖ್ಯೆ ಮತ್ತು ದಿನಾಂಕ ಕೈಯಲ್ಲಿದ್ದರೆ ಹುಡುಕಲು ಸುಲಭ. ಅದರ ಕಾರಣದ ಸಾಲನ್ನು ಓದುವಾಗ ಜಾಗ್ರತೆ: "ಹತೋಟಿ ತಪ್ಪಿತು" ಎಂದಿದ್ದರೆ ಪೈಲಟ್ ತಪ್ಪು ಎಂದು ತೀರ್ಮಾನಿಸಬೇಡಿ. ರೆಕ್ಕೆಯ ದೋಷ ಬೆಳಕಿಗೆ ಬರುವ ಮೊದಲಿನ ಮಾಸ್ಕಿಟೊ ಅಪಘಾತಗಳಲ್ಲಿ ಈ ಷರಾದ ಹಿಂದೆ ರೆಕ್ಕೆಯ ದೋಷವೂ ಇರಬಹುದು.

ಕೋಲಾರ_ನಕ್ಷೆ

ಜತೆಗೆ ಇದು: ಯಲಹಂಕ, ಕೋಲಾರ ಎರಡೂ ಹೆಸರಲ್ಲಿ ಹುಡುಕಿ, ಸಿಬ್ಬಂದಿ ಎರಡೂ ಕಡೆ ಓಡಾಡಿದ್ದಾರೆ. ಸತ್ತವರ ಸಮಾಧಿ ಹುಡುಕುವವರು ಬೆಂಗಳೂರಿನಲ್ಲಿ ಸಿಗದಿದ್ದರೆ ಚೆನ್ನೈನ ಮದ್ರಾಸ್ ವಾರ್ ಸಿಮೆಟರಿ ಪಟ್ಟಿ ನೋಡಿ. ದಕ್ಷಿಣ ಮತ್ತು ಪೂರ್ವ ಭಾರತದ ಹಲವು ಕಂಟೋನ್ಮೆಂಟ್ ಸ್ಮಶಾನಗಳಿಂದ ಸಮಾಧಿಗಳನ್ನು 1952ರ ಹೊತ್ತಿಗೆ ಅಲ್ಲಿಗೆ ಸಾಗಿಸಿದರು. ಅಲ್ಲಿನ ದಾಖಲೆಯಲ್ಲಿ ಘಟಕದ ಹೆಸರು ಇಲ್ಲದಿದ್ದಾಗ ದಿನಾಂಕ ಹಿಡಿದು ಫಾರ್ಮ್ 540ಕ್ಕೆ ಹೋಗಿ.